ನಲವತ್ತು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೂ ಪರಿಹಾರ ಕೇಳಬಹುದೇ?

ಪ್ರಶ್ನೆ: ನಾವು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನವರು. ಬೆಂಗಳೂರಿಗೆ ಬಂದು ಕಟ್ಟಡ ಕೆಲಸ ಮಾಡುತ್ತಿದ್ದೇವೆ. ನನ್ನ ಗಂಡನಿಗೆ 30 ವರ್ಷ. ಕಂಬಿ ಕಟ್ಟುವ ಕೆಲಸ, ದಿನಕ್ಕೆ 900 ರೂಪಾಯಿ ಕೂಲಿ, ವಾರಕ್ಕೊಮ್ಮೆ ಕೈಗೆ ಬಟವಾಡೆ. 2025ರ ಸೆಪ್ಟೆಂಬರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೆಲಸ ಮಾಡುವಾಗ ಸಾರುವೆ ಕುಸಿದು ಕೆಳಗೆ ಬಿದ್ದರು. ಬೆನ್ನುಮೂಳೆಗೆ ಪ್ಲೇಟು ಹಾಕಿದ್ದಾರೆ, ಬಲಗಾಲಿನ ಹಿಮ್ಮಡಿಯ ಮೂಳೆಯೂ ಒಡೆದಿದೆ. ಕುಕ್ಕರಗಾಲಿನಲ್ಲಿ ಕೂರಲು, ಭಾರ ಎತ್ತಲು ಆಗುತ್ತಿಲ್ಲ. ಮೇಸ್ತ್ರಿ ಆಸ್ಪತ್ರೆಗೆ 40,000 ರೂಪಾಯಿ ಕಟ್ಟಿದ. ಉಳಿದದ್ದನ್ನು ಸಾಲ ಮಾಡಿ ನಾವೇ ಕಟ್ಟಿದೆವು. ಮನೆಗೆ ಕಳುಹಿಸುವ ದಿನ ಛಾಪಾ ಕಾಗದದ ಮೇಲೆ ‘ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ’ ಎಂದು ಬರೆಸಿ ಗಂಡನ ಹೆಬ್ಬೆಟ್ಟು ಒತ್ತಿಸಿಕೊಂಡ. ಆಸ್ಪತ್ರೆಯ ಕಾಗದದಲ್ಲಿ ‘ಮನೆಯ ಮೆಟ್ಟಿಲಿನಿಂದ ಬಿದ್ದದ್ದು’ ಎಂದಿದೆಯಂತೆ. ಈಗ ಕೇಳಿದರೆ ‘ಕುಡಿದಿದ್ದ, ಹೆಲ್ಮೆಟ್ ಹಾಕಿರಲಿಲ್ಲ, ಅವನದೇ ತಪ್ಪು, ಮೇಲಾಗಿ ನನ್ನ ಮುಂಗಡ 25,000 ಬಾಕಿ ಇದೆ’ ಎನ್ನುತ್ತಾನೆ. ಬಿಲ್ಡರ್ ಕಚೇರಿಯವರು ‘ಅವನು ನಮ್ಮ ಕೆಲಸಗಾರನೇ ಅಲ್ಲ’ ಎನ್ನುತ್ತಾರೆ. ನಮ್ಮೂರಿನ ಇನ್ನಿಬ್ಬರು ಇತ್ತೀಚೆಗೆ ಟೆಂಪೋದಲ್ಲಿ ಕೆಲಸದ ಸ್ಥಳಕ್ಕೆ ಹೋಗುವಾಗ ಅದು ಮಗುಚಿ ಗಾಯಗೊಂಡಿದ್ದಾರೆ. ನಮಗೆ ಯಾವ ದಾರಿ ಇದೆ?

ಉತ್ತರ: ತಾಯಿ, ದಾರಿ ಇದೆ. ಆ ಹೆಬ್ಬೆಟ್ಟಿನಿಂದ ನಿಮ್ಮ ಗಂಡನ ಹಕ್ಕು ಹೋಗಿಲ್ಲ. ನಿಮ್ಮ ಪ್ರಕರಣಕ್ಕೆ ಅನ್ವಯಿಸುವುದು ನೌಕರರ ಪರಿಹಾರ ಅಧಿನಿಯಮ, 1923. ಅದರ 17ನೇ ಕಲಮು ನೇರವಾಗಿ ಹೇಳುವುದು ಇಷ್ಟು: ಕೆಲಸದಲ್ಲಿ ಆದ ಗಾಯಕ್ಕೆ ಸಿಗಬೇಕಾದ ಪರಿಹಾರವನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡಿಕೊಳ್ಳುವ ಯಾವ ಕರಾರೂ ಆ ಮಟ್ಟಿಗೆ ಶೂನ್ಯ. ಛಾಪಾ ಕಾಗದ ಎಷ್ಟು ಬೆಲೆಯದಾದರೂ, ನೋಟರಿಯ ಮೊಹರು ಬಿದ್ದಿದ್ದರೂ ಅದು ಬದಲಾಗುವುದಿಲ್ಲ. ಪರಿಹಾರದ ಮೊತ್ತದ ಬಗ್ಗೆ ಮಾಲೀಕನೂ ಕಾರ್ಮಿಕನೂ ಪ್ರಾಮಾಣಿಕವಾಗಿ ರಾಜಿಯಾದರೂ ಆ ಒಪ್ಪಂದವನ್ನು ಪರಿಹಾರ ಆಯುಕ್ತರ (ಇಂಥ ಅರ್ಜಿಗಳನ್ನು ವಿಚಾರಿಸಿ ತೀರ್ಮಾನಿಸುವವರು) ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಎನಿಸಿದರೆ, ಮೋಸ ಅಥವಾ ಒತ್ತಡದಿಂದ ಒಪ್ಪಿಸಿದ್ದು ಎನಿಸಿದರೆ ಆಯುಕ್ತರು ನೋಂದಣಿಯನ್ನೇ ನಿರಾಕರಿಸಬಹುದು. ನಿಮ್ಮ ಮೇಸ್ತ್ರಿ ನೋಂದಾಯಿಸಿರುವ ಸಾಧ್ಯತೆ ಇಲ್ಲವೇ ಇಲ್ಲ. ನೋಂದಾಯಿಸದಿದ್ದರೆ 29ನೇ ಕಲಮಿನ ಪ್ರಕಾರ ಅವನು ಪೂರ್ತಿ ಪರಿಹಾರಕ್ಕೆ ಹೊಣೆ.

ಕೊಟ್ಟ 40,000 ರೂಪಾಯಿಯನ್ನು ಕಳೆದುಕೊಳ್ಳಬಹುದೇ? ಆ ಹಣ ಆಸ್ಪತ್ರೆಗೆ ಹೋಗಿದೆ. ಚಿಕಿತ್ಸೆಗೆಂದು ಮಾಲೀಕ ಕೊಟ್ಟ ಹಣವನ್ನು ಪರಿಹಾರ ಎಂದು ಪರಿಗಣಿಸುವಂತಿಲ್ಲ ಎಂದು 4ನೇ ಕಲಮಿನ ವಿವರಣೆಯಲ್ಲಿಯೇ ಇದೆ. ಹಾಗಾಗಿ ಅದನ್ನು ತೋರಿಸಿ ಒಂದು ರೂಪಾಯಿಯನ್ನೂ ಕಡಿತ ಮಾಡಲು ಬರುವುದಿಲ್ಲ. ಇನ್ನು ಮುಂಗಡದ ಮಾತು. 9ನೇ ಕಲಮಿನ ಪ್ರಕಾರ ಪರಿಹಾರದ ಹಣವನ್ನು ಯಾರೂ ಜಪ್ತಿ ಮಾಡುವಂತಿಲ್ಲ, ಯಾವ ಸಾಲಕ್ಕೂ ವಜಾ ಹಾಕಿಕೊಳ್ಳುವಂತಿಲ್ಲ. ಮುಂಗಡ ಕೊಟ್ಟದ್ದು ನಿಜವೇ ಆಗಿದ್ದರೂ ಅದು ಬೇರೆ ಲೆಕ್ಕ. ಈ ಹಣದಲ್ಲಿ ಮುರಿದುಕೊಳ್ಳುವ ಹಕ್ಕು ಅವನಿಗಿಲ್ಲ. ಮುಂಗಡದ ಭಯಕ್ಕೆ ಅರ್ಜಿಯನ್ನೇ ಹಾಕದೆ ಊರಿಗೆ ಮರಳುವ ಕುಟುಂಬಗಳನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆಯಲ್ಲ ಎಂದು ಯಾರಾದರೂ ನಿಮ್ಮನ್ನು ಗೊಂದಲಕ್ಕೆ ಕೆಡವಬಹುದು. 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿರುವುದು ನಿಜ. 1923ರ ಕಾನೂನಿನ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020ರ ಏಳನೇ ಅಧ್ಯಾಯ ಬಂದಿದೆ. ಆದರೆ ಪರಿಹಾರ ಕೊಡುವ ಹೊಣೆ ಹುಟ್ಟುವುದು ಅಪಘಾತ ನಡೆದ ದಿನವೇ. ನಿಮ್ಮದು ಸೆಪ್ಟೆಂಬರಿನ ಘಟನೆ, ಆದ್ದರಿಂದ ಹಳೆಯ ಕಾನೂನಿನ ಪ್ರಕಾರವೇ ಲೆಕ್ಕ. ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಎರಡು ವರ್ಷ ಅವಕಾಶವಿದೆ, ಅಂದರೆ 2027ರ ಸೆಪ್ಟೆಂಬರ್‌ವರೆಗೆ. ಆದರೂ ತಡ ಮಾಡಬೇಡಿ. ಕಟ್ಟಡ ಮುಗಿದರೆ ಜೊತೆಗಿದ್ದ ಕೆಲಸಗಾರರು ಚದುರಿ ಹೋಗುತ್ತಾರೆ. ಒಬ್ಬರು ಹೈದರಾಬಾದಿಗೆ, ಒಬ್ಬರು ಪುಣೆಗೆ ಹೋದ ಮೇಲೆ ಸಾಕ್ಷಿ ಹೇಳಲು ಅವರನ್ನು ಕರೆತರುವುದು ದೊಡ್ಡ ಕಷ್ಟ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿರುವ ವಿಷಯಕ್ಕೆ ಬರುತ್ತೇನೆ. ಅದು ಹೆಬ್ಬೆಟ್ಟಿನ ಕಾಗದವಲ್ಲ, ಆಸ್ಪತ್ರೆಯ ಕಾಗದ. ಈ ಕಾನೂನು ಕಾರ್ಮಿಕನಿಂದ ಕೇಳುವುದು ತುಂಬಾ ಕಡಿಮೆ. ಮಾಲೀಕನ ತಪ್ಪಿನಿಂದ ಅಪಘಾತವಾಯಿತು ಎಂದು ಸಾಬೀತು ಮಾಡಬೇಕಾಗಿಲ್ಲ. ಸಾರುವೆಯ ಬೊಂಬು ಹಳೆಯದಾಗಿತ್ತೇ, ಸುರಕ್ಷತಾ ಬಲೆ ಕಟ್ಟಿದ್ದರೇ ಎಂಬುದು ಕೂಡ ಮುಖ್ಯವಲ್ಲ. ‘ಇವನು ಇಲ್ಲಿ ಕೆಲಸಕ್ಕಿದ್ದ, ಕೆಲಸದ ಕಾರಣದಿಂದ ಕೆಲಸದ ವೇಳೆಯಲ್ಲಿ ಗಾಯವಾಯಿತು’ ಎಂಬ ಎರಡು ಸಂಗತಿಗಳು ಸಾಕು. ಆ ಎರಡನ್ನೇ ಅಳಿಸಿಹಾಕಲು ಮೊದಲ ದಿನದಿಂದಲೇ ಪ್ರಯತ್ನ ನಡೆಯುತ್ತದೆ. ತುರ್ತು ಚಿಕಿತ್ಸಾ ಘಟಕದಲ್ಲಿ ಗಾಯಾಳು ನೋವಿನಲ್ಲಿ ನರಳುತ್ತಿರುತ್ತಾನೆ. ಹೆಂಡತಿ ಇನ್ನೂ ದಾರಿಯಲ್ಲಿರುತ್ತಾಳೆ. ‘ಏನಾಯಿತು?’ ಎಂಬ ವೈದ್ಯರ ಪ್ರಶ್ನೆಗೆ ಉತ್ತರಿಸುವವನು ಕರೆತಂದ ಮೇಸ್ತ್ರಿ. ‘ಮನೆಯಲ್ಲಿ ಬಿದ್ದ’ ಎಂದು ಅವನು ಹೇಳಿದರೆ ಕೇಸ್ ಶೀಟಿನಲ್ಲಿ ಅದೇ ದಾಖಲಾಗುತ್ತದೆ, ವೈದ್ಯಕೀಯ ಕಾನೂನು ಪ್ರಕರಣ ಎಂದು ಪೊಲೀಸರಿಗೆ ಮಾಹಿತಿ ಹೋಗುವುದು ತಪ್ಪುತ್ತದೆ. ಮುಂದೆ ನ್ಯಾಯಾಲಯದಲ್ಲಿ ಎದುರು ವಕೀಲರು ಮೊದಲು ಎತ್ತಿ ತೋರಿಸುವುದು ಆ ಒಂದೇ ಸಾಲನ್ನು.

ಅದನ್ನು ಸರಿಪಡಿಸುವುದು ಅಸಾಧ್ಯವಲ್ಲ, ಆದರೆ ಬೇಗ ಕೈಹಚ್ಚಬೇಕು. ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಕೇಸ್ ಶೀಟಿನ ಪೂರ್ತಿ ಪ್ರತಿ ಪಡೆಯಿರಿ. ಡಿಸ್ಚಾರ್ಜ್ ಸಾರಾಂಶವೊಂದೇ ಸಾಲದು. ಕೇಸ್ ಶೀಟಿನಲ್ಲಿ ಕರೆತಂದವರ ಹೆಸರು, ಮೊಬೈಲ್ ಸಂಖ್ಯೆ, ಬಂದ ಸಮಯ ಇರುತ್ತದೆ. ಮನೆಯಲ್ಲಿ ಬಿದ್ದವನನ್ನು ಕೆಲಸದ ದಿನ ಹಗಲು ಹೊತ್ತಿನಲ್ಲಿ ಮೇಸ್ತ್ರಿ ಏಕೆ ಕರೆತಂದ, ಹಣವನ್ನು ಅವನೇ ಏಕೆ ಕಟ್ಟಿದ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರುವುದಿಲ್ಲ. 40,000 ರೂಪಾಯಿಯ ರಸೀದಿ ಇದ್ದರೆ ಅದು ನಿಮ್ಮ ಪರವಾದ ಸಾಕ್ಷಿ. ಆ ಹೆಬ್ಬೆಟ್ಟಿನ ಕಾಗದವೂ ಅಷ್ಟೇ. ‘ಇನ್ನು ಏನನ್ನೂ ಕೇಳುವುದಿಲ್ಲ’ ಎಂದು ಬರೆಸಿಕೊಂಡವನು ಕೇಳುವ ಹಕ್ಕು ಇತ್ತು ಎಂಬುದನ್ನೂ, ಇವನು ತನ್ನ ಕೈಕೆಳಗಿನ ಕೆಲಸಗಾರ ಎಂಬುದನ್ನೂ ಒಪ್ಪಿಕೊಂಡಂತಾಯಿತು. ಅದರ ನಕಲು ಸಿಗುವುದಾದರೆ ಹೇಗಾದರೂ ಪಡೆದಿಟ್ಟುಕೊಳ್ಳಿ. ಫೋಟೋ ಆದರೂ ಸರಿ.

ಪೊಲೀಸ್ ದೂರು ಇಲ್ಲದಿದ್ದರೂ ಪರಿಹಾರ ಕೇಳಬಹುದು. ಆದರೆ ನಿಮ್ಮ ಪ್ರಕರಣದಲ್ಲಿ ಆಸ್ಪತ್ರೆಯ ದಾಖಲೆ ತಪ್ಪಾಗಿರುವುದರಿಂದ ದೂರು ಕೊಡುವುದೇ ಸರಿ. ಘಟನೆ ನಡೆದ ದಿನ, ಸ್ಥಳ, ಮಹಡಿ, ಜೊತೆಗಿದ್ದವರ ಹೆಸರು, ದೂರು ತಡವಾಗಲು ಕಾರಣ ಎಲ್ಲವನ್ನೂ ಸರಳವಾಗಿ ಬರೆಯಿರಿ. ಊರಿಗೆ ಹೋಗಿದ್ದೀರಾದರೆ ಅಲ್ಲಿನ ಠಾಣೆಯಲ್ಲಿಯೇ ಕೊಡಬಹುದು. ವ್ಯಾಪ್ತಿ ನಮ್ಮದಲ್ಲ ಎಂದು ಹಿಂದೆ ಕಳುಹಿಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ.

ಕೂಲಿಗೆ ದಾಖಲೆ ಇಲ್ಲ ಎಂದು ನೀವು ಅಂದುಕೊಂಡಿರುತ್ತೀರಿ. ಹುಡುಕಿದರೆ ಸಿಗುತ್ತದೆ. ಮೇಸ್ತ್ರಿಯ ಜೇಬಿನಲ್ಲಿ ಒಂದು ಸಣ್ಣ ಹಾಜರಿ ಪುಸ್ತಕ ಇರುತ್ತದೆ. ಹೆಸರಿನ ಮುಂದೆ ಪೂರ್ತಿ ದಿನಕ್ಕೆ ಒಂದು ಗುರುತು, ಅರ್ಧ ದಿನಕ್ಕೆ ಇನ್ನೊಂದು, ಬಟವಾಡೆಯ ದಿನ ಕೆಳಗೆ ಕೂಡಿದ ಮೊತ್ತ. ಜೊತೆಯವರು ಯಾರಾದರೂ ತಮ್ಮ ಲೆಕ್ಕ ಸರಿ ಇದೆಯೇ ಎಂದು ನೋಡಲು ಆ ಪುಟದ ಫೋಟೋ ತೆಗೆದಿರಬಹುದು, ಕೇಳಿ ನೋಡಿ. ಖರ್ಚಿಗೆಂದು ಮೇಸ್ತ್ರಿ ಮೊಬೈಲಿನಿಂದ ಕಳುಹಿಸಿದ ಐನೂರು, ಸಾವಿರ ರೂಪಾಯಿಯ ಪಾವತಿಗಳು ಬ್ಯಾಂಕ್ ಖಾತೆಯಲ್ಲಿ ದಿನಾಂಕದ ಸಮೇತ ಉಳಿದಿರುತ್ತವೆ. ಗೇಟಿನಲ್ಲಿ ಕೊಟ್ಟ ಪಾಸು, ಬಿಲ್ಡರ್ ಹೆಸರು ಮುದ್ರಿಸಿದ ಹೆಲ್ಮೆಟ್ ಅಥವಾ ಜಾಕೆಟ್ಟು ತೊಟ್ಟು ತೆಗೆಸಿಕೊಂಡ ಫೋಟೋ, ‘ನಾಳೆ ಬೇಗ ಬಾ, ಸ್ಲ್ಯಾಬ್ ಇದೆ’ ಎಂಬ ಧ್ವನಿ ಸಂದೇಶ ಇವೆಲ್ಲ ಸಾಕ್ಷಿಯೇ. ಮೊಬೈಲನ್ನು ರಿಪೇರಿಗೆ ಕೊಡಬೇಡಿ, ಮಾರಬೇಡಿ, ಸಂದೇಶಗಳನ್ನು ಅಳಿಸಬೇಡಿ.

ಇನ್ನು ಮೊತ್ತ. ನೀವು ಲೆಕ್ಕವನ್ನು ಸ್ವತಃ ತಿಳಿದಿರಬೇಕು, ಇಲ್ಲದಿದ್ದರೆ ಮುಂದೆ ಯಾರಾದರೂ ಎರಡು ಲಕ್ಷಕ್ಕೆ ರಾಜಿ ಎಂದರೆ ದೊಡ್ಡದೆನಿಸಿಬಿಡುತ್ತದೆ. ದಿನಕ್ಕೆ 900ರಂತೆ ತಿಂಗಳಿಗೆ 26 ದಿನ ಹಿಡಿದರೆ 23,400 ರೂಪಾಯಿ. ಆದರೆ ಈ ಕಾನೂನಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾಸಿಕ ಕೂಲಿಗೆ ಮಿತಿ ಇದೆ: 2020ರ ಜನವರಿ 3ರಿಂದ ಅದು 15,000 ರೂಪಾಯಿ. (ಅದಕ್ಕೂ ಹಿಂದೆ ಹತ್ತಿರ ಹತ್ತಿರ ಹತ್ತು ವರ್ಷ 8,000ದಲ್ಲೇ ನಿಂತಿತ್ತು. ಕೂಲಿ ಏರಿದಂತೆ ಈ ಮಿತಿ ತಾನಾಗಿ ಏರದಿರುವುದು ಕಾರ್ಮಿಕರಿಗೆ ಆಗುತ್ತಿರುವ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.) ಶಾಶ್ವತವಾಗಿ ಪೂರ್ಣ ಅಸಮರ್ಥತೆಯಾದರೆ ಆ ಕೂಲಿಯ ಶೇ 60ರಷ್ಟನ್ನು ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸಬೇಕು. ಅನುಸೂಚಿಯಲ್ಲಿ 30 ವರ್ಷಕ್ಕೆ ಆ ಅಂಶ 207.98. ಅಂದರೆ 9,000 ರೂಪಾಯಿಯನ್ನು 207.98ರಿಂದ ಗುಣಿಸಿದರೆ 18,71,820 ರೂಪಾಯಿ. ದುಡಿಯುವ ಶಕ್ತಿಯಲ್ಲಿ ಶೇ 40ರಷ್ಟು ಮಾತ್ರ ನಷ್ಟ ಎಂದಾದರೂ 7,48,728 ರೂಪಾಯಿ. ಇಂಥ ಅಪಘಾತದಲ್ಲಿ ಜೀವವೇ ಹೋಗಿದ್ದರೆ ಕೂಲಿಯ ಅರ್ಧವನ್ನು ಅದೇ ಅಂಶದಿಂದ ಗುಣಿಸುತ್ತಾರೆ, 15,59,850 ರೂಪಾಯಿ ಆಗುತ್ತದೆ. ಇದಕ್ಕೆ ಹೊರತಾಗಿ ಚಿಕಿತ್ಸೆಗೆ ನಿಜವಾಗಿ ಖರ್ಚಾದ ಹಣವನ್ನೂ ಮಾಲೀಕನೇ ಭರಿಸಬೇಕು. ಅದಕ್ಕೇ ಔಷಧದ ಅಂಗಡಿಯ ಸಣ್ಣ ಚೀಟಿಯನ್ನೂ ಬಿಸಾಡಬೇಡಿ ಎನ್ನುವುದು.

ಅಪಘಾತವಾದ ಒಂದು ತಿಂಗಳೊಳಗೆ ಹಣ ಕೊಡದಿದ್ದರೆ ವರ್ಷಕ್ಕೆ ಶೇ 12ರಂತೆ ಬಡ್ಡಿ ಸೇರುತ್ತದೆ. 7,48,728 ರೂಪಾಯಿಗೆ ಒಂದು ವರ್ಷದ ಬಡ್ಡಿಯೇ ಸುಮಾರು 90,000. ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದಾನೆ ಎಂದು ಕಂಡುಬಂದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಗುತ್ತಿಗೆದಾರನಿಗೆ ವಿಮೆ ಇದ್ದರೂ ಆ ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ, ಅವನೇ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪು ನೀಡಿದೆ. ನೋಟಿಸು ಕೊಡುವಾಗ ಈ ಮಾತನ್ನು ಸೇರಿಸಿದರೆ ಎದುರಿನವರು ಕೂತು ಮಾತನಾಡಲು ಒಪ್ಪುವುದು ಹೆಚ್ಚು.

ಶೇಕಡಾವಾರು ಎಂದೆನಲ್ಲ, ಅದು ಹೇಗೆ ನಿರ್ಧಾರವಾಗುತ್ತದೆ ಎಂಬುದರ ಮೇಲೆ ನಿಮ್ಮ ಇಡೀ ಪ್ರಕರಣ ನಿಂತಿದೆ. ಬೆರಳು, ಕೈ, ಕಾಲು, ಕಣ್ಣು ಹೋದರೆ ಇಷ್ಟಿಷ್ಟು ಎಂದು ಕಾನೂನಿನ ಮೊದಲ ಅನುಸೂಚಿಯಲ್ಲಿ ಪಟ್ಟಿ ಇದೆ. ಬೆನ್ನುಮೂಳೆ ಮುರಿತ ಆ ಪಟ್ಟಿಯಲ್ಲಿಲ್ಲ. ಅಂಥ ಗಾಯಗಳಿಗೆ ಅರ್ಹ ವೈದ್ಯರು ದುಡಿಮೆಯ ಶಕ್ತಿಯಲ್ಲಿ ಎಷ್ಟು ನಷ್ಟವಾಗಿದೆ ಎಂದು ಅಂದಾಜು ಮಾಡಬೇಕು. ಎಡವುವುದು ಇಲ್ಲಿಯೇ. ವೈದ್ಯರು ಸಾಮಾನ್ಯವಾಗಿ ‘ಇಡೀ ದೇಹಕ್ಕೆ ಶೇ 20 ಅಂಗವೈಕಲ್ಯ’ ಎಂದು ಬರೆದುಕೊಡುತ್ತಾರೆ. ಅದು ದೇಹದ ಲೆಕ್ಕ. ಕಾನೂನು ಕೇಳುವುದು ದುಡಿಮೆಯ ಲೆಕ್ಕ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಶೇ 20 ಎನಿಸುವ ಬೆನ್ನು ಗಾಯ ಕಂಬಿ ಕಟ್ಟುವವನಿಗೆ ಏನಾಗುತ್ತದೆ ನೋಡಿ. ಅವನು ದಿನವಿಡೀ ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು ಕಂಬಿಗಳು ಕೂಡುವ ಒಂದೊಂದು ಜಾಗದಲ್ಲೂ ತಂತಿ ಸುತ್ತಿ ಬಿಗಿಯಬೇಕು, ಕಂಬಿಯ ಕಟ್ಟು ಹೆಗಲ ಮೇಲೆ ಹೊತ್ತು ಏಣಿ ಹತ್ತಬೇಕು. ಹಿಮ್ಮಡಿ ಒಡೆದವನು ಕಂಬಿಯ ಜಾಲರಿಯ ಮೇಲೆ ನಿಲ್ಲುವುದೇ ಕಷ್ಟ.

ಸುಪ್ರೀಂ ಕೋರ್ಟ್ ಇದನ್ನು 1975ರಲ್ಲಿಯೇ ಒಪ್ಪಿದೆ. ಒಡಿಶಾದ ಜೇಪುರದಲ್ಲಿ ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿ ಬಿದ್ದು ಎಡಗೈ ಕಳೆದುಕೊಂಡಿದ್ದ. ಒಂದು ಕೈ ಹೋದರೆ ಪೂರ್ಣ ಅಸಮರ್ಥತೆ ಆಗುವುದಿಲ್ಲ ಎಂದು ಮಾಲೀಕ ವಾದಿಸಿದ. ಬಡಗಿಯ ಕೆಲಸ ಒಂದೇ ಕೈಯಲ್ಲಿ ಆಗುವುದಿಲ್ಲ, ಆದ್ದರಿಂದ ನಷ್ಟ ಶೇ 100 ಎಂದ ಆಯುಕ್ತರ ತೀರ್ಮಾನವನ್ನು ನಾಲ್ವರು ನ್ಯಾಯಮೂರ್ತಿಗಳ ಪೀಠ ಎತ್ತಿ ಹಿಡಿಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದರೆ ಈ ಕ್ಷೇತ್ರದ ವಕೀಲರಿಗೆಲ್ಲ ಗೊತ್ತು. ಹೊಣೆ ಹುಟ್ಟುವುದು ಅಪಘಾತದ ದಿನವೇ ಎಂದು ಹೇಳಿದ್ದೂ ಇದೇ ತೀರ್ಪು. ಆದ್ದರಿಂದ ಮೂಳೆ ವೈದ್ಯರ ಬಳಿ ಹೋದಾಗ ನಿಮ್ಮ ಗಂಡ ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ಬಿಡಿಸಿ ಹೇಳಿ. ಪ್ರಮಾಣಪತ್ರದಲ್ಲಿ ‘ಬಗ್ಗಲು, ಕುಕ್ಕರಗಾಲಿನಲ್ಲಿ ಕೂರಲು, ಭಾರ ಹೊರಲು ಆಗದು; ಹಿಂದಿನ ಕೆಲಸಕ್ಕೆ ಮರಳಲು ಸಾಧ್ಯವಿಲ್ಲ’ ಎಂಬ ಅಂಶಗಳು ಇರುವಂತೆ ಕೇಳಿಕೊಳ್ಳಿ. ಬರೆದುಕೊಟ್ಟ ವೈದ್ಯರು ಆಯುಕ್ತರ ಮುಂದೆ ಬಂದು ಸಾಕ್ಷ್ಯ ಹೇಳಬೇಕಾಗುತ್ತದೆ, ಆದ್ದರಿಂದ ಅದಕ್ಕೆ ಒಪ್ಪುವ ವೈದ್ಯರೇ ಬೇಕು.

ಕುಡಿದಿದ್ದ, ಹೆಲ್ಮೆಟ್ ಹಾಕಿರಲಿಲ್ಲ ಎಂಬ ಮಾತಿಗೆ ಹೆದರಬೇಡಿ. ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆ ಆಗಿದ್ದರೆ ಈ ವಾದವನ್ನು ಎತ್ತುವ ಹಕ್ಕೇ ಮಾಲೀಕನಿಗಿಲ್ಲ. ಭಾಗಶಃ ಅಸಮರ್ಥತೆ ಎಂದಾದರೆ ಎತ್ತಬಹುದು, ಆದರೆ ಅಪಘಾತಕ್ಕೆ ಕುಡಿತವೇ ನೇರ ಕಾರಣ ಎಂದು ಅವನೇ ಸಾಬೀತು ಮಾಡಬೇಕು. ಸಾರುವೆ ಕುಸಿದರೆ ಮೇಲಿದ್ದವರು ಬೀಳುತ್ತಾರೆ, ಕುಡಿದವರೂ ಕುಡಿಯದವರೂ. ಕೇಸ್ ಶೀಟಿನಲ್ಲಿ ಮದ್ಯದ ವಾಸನೆಯ ಬಗ್ಗೆ ಏನಾದರೂ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಿ. ಬರೆದಿಲ್ಲದಿದ್ದರೆ ಆ ವಾದಕ್ಕೆ ಆಧಾರವೇ ಇರುವುದಿಲ್ಲ. ಹೆಲ್ಮೆಟ್ ವಿಷಯದಲ್ಲಿ ಕಾನೂನು ಹೇಳುವುದು ಬೇಕೆಂದೇ ಮಾಡಿದ ಉಲ್ಲಂಘನೆಯ ಬಗ್ಗೆ. ಕೊಟ್ಟೇ ಇಲ್ಲದ ಹೆಲ್ಮೆಟ್ಟನ್ನು ಹಾಕಲಿಲ್ಲ ಎನ್ನುವುದು ಉಲ್ಲಂಘನೆ ಆಗದು. ಕೊಟ್ಟಿದ್ದರೂ, ಬೆನ್ನುಮೂಳೆ ಮುರಿದದ್ದಕ್ಕೂ ತಲೆಯ ಹೆಲ್ಮೆಟ್ಟಿಗೂ ಏನು ಸಂಬಂಧ?

ಬಿಲ್ಡರ್ ‘ನಮ್ಮ ಕೆಲಸಗಾರನಲ್ಲ’ ಎಂದದ್ದಕ್ಕೆ ಉತ್ತರ 12ನೇ ಕಲಮಿನಲ್ಲಿದೆ. ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸುವವನು, ಆ ಗುತ್ತಿಗೆದಾರನ ಕೆಲಸಗಾರರಿಗೆ ತಾನೇ ನೇಮಿಸಿಕೊಂಡಂತೆ ಪರಿಹಾರ ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವರ ಪಾಡು. ಅಪಾರ್ಟ್‌ಮೆಂಟ್ ಕಟ್ಟಿ ಮಾರುವುದೇ ಬಿಲ್ಡರ್‌ನ ವ್ಯಾಪಾರ. ಆದ್ದರಿಂದ ಮೇಸ್ತ್ರಿ, ಅವನ ಮೇಲಿನ ಗುತ್ತಿಗೆದಾರ, ಬಿಲ್ಡರ್, ವಿಮೆ ಇದ್ದರೆ ವಿಮಾ ಕಂಪನಿ ಎಲ್ಲರನ್ನೂ ಎದುರುದಾರರನ್ನಾಗಿ ಸೇರಿಸಿ. ಕೇವಲ ಮೇಸ್ತ್ರಿಯ ಮೇಲೆ ಹಾಕಿದರೆ ಗೆದ್ದರೂ ವಸೂಲಿ ಕಷ್ಟ, ಏಕೆಂದರೆ ಅವನೂ ನಿಮ್ಮ ಹಾಗೆಯೇ ಊರು ಬಿಟ್ಟು ಬಂದವನಾಗಿರಬಹುದು. ಕಟ್ಟಡದ ಮುಂದಿನ ಫಲಕದಲ್ಲಿ ಬಿಲ್ಡರ್ ಹೆಸರು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇರುತ್ತದೆ, ಅದರ ಫೋಟೋ ತೆಗೆಯಿರಿ. ಒಂದು ಎಚ್ಚರಿಕೆ: ಯಾರೋ ತಮ್ಮ ವಾಸಕ್ಕೆಂದು ಸ್ವಂತ ಮನೆ ಕಟ್ಟಿಸುವಾಗ ಅಪಘಾತವಾದರೆ ಮನೆಯ ಮಾಲೀಕನ ಮೇಲೆ ಈ ಕಲಮು ಅಷ್ಟು ಸುಲಭವಾಗಿ ಅನ್ವಯಿಸದು, ಮನೆ ಕಟ್ಟುವುದು ಅವನ ವ್ಯಾಪಾರವಲ್ಲ. ಅಲ್ಲಿ ಗುತ್ತಿಗೆದಾರನೇ ಹೊಣೆ.

ದಿನಗೂಲಿಯವರಿಗೆ ಈ ಕಾನೂನಿಲ್ಲ ಎಂದು ಹೇಳುವವರೂ ಸಿಗುತ್ತಾರೆ. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿ ತೆಗೆದುಹಾಕಿದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ‘ನಿನಗೆ ಪರಿಹಾರದ ಹಕ್ಕು ಇದೆ’ ಎಂದು ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯ ಮೂಲಕ ತಿಳಿಸಬೇಕು ಎಂದು 2017ರಲ್ಲಿ ಇನ್ನೊಂದು ಕಲಮು ಸೇರಿಸಿದ್ದಾರೆ. ತಿಳಿಸದಿದ್ದರೆ ಕನಿಷ್ಠ 50,000 ರೂಪಾಯಿ ದಂಡ. ನಿಮಗೆ ಯಾರಾದರೂ ಅಂಥ ಕಾಗದ ಕೊಟ್ಟಿದ್ದರೇ? ಅರ್ಜಿಯಲ್ಲಿ ಅದನ್ನೂ ಬರೆಸಿ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಿಷಯವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಎಸ್‌ಐ ವ್ಯಾಪ್ತಿಯಲ್ಲಿರುವವರು ಮಾಲೀಕನ ವಿರುದ್ಧ ಈ ಅರ್ಜಿ ಹಾಕುವಂತಿಲ್ಲ, ಇಎಸ್‌ಐನಿಂದಲೇ ಚಿಕಿತ್ಸೆ ಮತ್ತು ಮಾಸಿಕ ಸೌಲಭ್ಯ ಪಡೆಯಬೇಕು. ಅದರ ಕೂಲಿ ಮಿತಿ ತಿಂಗಳಿಗೆ 21,000 ರೂಪಾಯಿ. ನಿಮ್ಮ ಗಂಡನ ಕೂಲಿ ಅದನ್ನು ಮೀರುತ್ತದೆ, ಹಾಗಾಗಿ ನಿಮಗೆ 1923ರ ಕಾನೂನೇ ದಾರಿ. ಆದರೆ ಅದೇ ಜಾಗದಲ್ಲಿ ದಿನಕ್ಕೆ 700 ರೂಪಾಯಿಗೆ ದುಡಿಯುವ ಹೆಣ್ಣುಮಗಳಿಗೆ ಗಾಯವಾದರೆ ಇಎಸ್‌ಐ ಪ್ರಶ್ನೆ ಬರುತ್ತದೆ. ಗುತ್ತಿಗೆದಾರ ವಂತಿಗೆ ಕಟ್ಟಿರಲಿಲ್ಲ ಎಂಬ ಕಾರಣಕ್ಕೆ ಇಎಸ್‌ಐ ನಿಗಮ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ನಿಮ್ಮ ಗಂಡನ ಹೆಸರಿನಲ್ಲಿದ್ದರೆ ಮಂಡಳಿಯಿಂದಲೂ ಅಪಘಾತ ಸಹಾಯಧನ ಸಿಗುತ್ತದೆ. ಅದು ಮಾಲೀಕ ಕೊಡುವ ಪರಿಹಾರದಿಂದ ಪ್ರತ್ಯೇಕ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ನಿಮಗೂ ಕಾರ್ಡ್ ಮಾಡಿಸಿಕೊಳ್ಳಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರೆಲ್ಲ ಅರ್ಹರು.

ಅರ್ಜಿಯನ್ನು ಎಲ್ಲಿ ಹಾಕುವುದು? ತಾರೀಖಿಗೊಮ್ಮೆ ಬೆಂಗಳೂರಿಗೆ ಓಡಾಡುವುದು ಬೆನ್ನು ಮುರಿದವನಿಗೆ ಆಗುವ ಮಾತಲ್ಲ. 21ನೇ ಕಲಮಿನ ಪ್ರಕಾರ ಅಪಘಾತ ನಡೆದ ಜಾಗದಲ್ಲಿಯೇ ಹಾಕಬೇಕೆಂದಿಲ್ಲ, ಅರ್ಜಿದಾರರು ಸಾಮಾನ್ಯವಾಗಿ ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೂ ಹಾಕಬಹುದು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರ ಆಯುಕ್ತರಾಗಿ ಇವುಗಳನ್ನು ವಿಚಾರಿಸುತ್ತಾರೆ. ನೀವು ಊರಿಗೆ ಮರಳಿದ್ದರೆ ಪಡಿತರ ಚೀಟಿ, ಆಧಾರ್ ತೋರಿಸಿ ರಾಯಚೂರು ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಿ. ಬಿಲ್ಡರ್ ಅಲ್ಲಿಗೆ ಬರಲಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನೆ ಕೂರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೊಡಬೇಕು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಲ್ಲಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ಆಸ್ಪತ್ರೆಯ ವಾರ್ಡಿಗೇ ಬಂದು ‘ನಾವು ಕೇಸು ನಡೆಸುತ್ತೇವೆ, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ’ ಎನ್ನುವವರನ್ನು ದೂರವಿಡಿ. ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದೇಶವಾದ ಮೇಲೆ ಎದುರಿನವರು ಹೈಕೋರ್ಟಿಗೆ ಮೇಲ್ಮನವಿ ಹೋಗುತ್ತೇವೆ ಎಂದು ಹೆದರಿಸಬಹುದು. ಪೂರ್ತಿ ಹಣವನ್ನು ಮೊದಲು ಠೇವಣಿ ಇಡದೆ ಮಾಲೀಕನ ಮೇಲ್ಮನವಿಯನ್ನು ಸ್ವೀಕರಿಸುವುದಿಲ್ಲ. ಕಟ್ಟದೆ ತಪ್ಪಿಸಿಕೊಂಡರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ.

ಕೊನೆಗೆ ಟೆಂಪೋ ಮಗುಚಿ ಗಾಯಗೊಂಡ ಇಬ್ಬರ ವಿಷಯ. ಅವರ ಮುಂದೆ ಎರಡು ದಾರಿಗಳಿವೆ, ಆದರೆ ಮೋಟಾರು ವಾಹನ ಕಾಯ್ದೆಯ 167ನೇ ಕಲಮಿನ ಪ್ರಕಾರ ಒಂದನ್ನೇ ಆರಿಸಿಕೊಳ್ಳಬೇಕು. ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರೆ 15,000ದ ಕೂಲಿ ಮಿತಿ ಇಲ್ಲ, ನೋವು ಮತ್ತು ಮುಂದಿನ ದುಡಿಮೆಯ ಹೆಚ್ಚಳವೂ ಲೆಕ್ಕಕ್ಕೆ ಬರುತ್ತದೆ. ಆದರೆ ಸಾಮಾನ್ಯವಾಗಿ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕು. ಸರಕು ಸಾಗಣೆಯ ಟೆಂಪೋದಲ್ಲಿ ಬರೀ ಪ್ರಯಾಣಿಕರಾಗಿ ಹೋಗಿದ್ದರೆ ವಿಮಾ ಕಂಪನಿ ಹೊಣೆಯಲ್ಲ ಎಂಬ ಸುಪ್ರೀಂ ಕೋರ್ಟ್ ತೀರ್ಪು ಅಡ್ಡ ಬರುತ್ತದೆ, ಆಗ ವಾಹನದ ಮಾಲೀಕನಿಂದಲೇ ವಸೂಲು ಮಾಡಬೇಕಾಗುತ್ತದೆ. ಗುತ್ತಿಗೆದಾರನೇ ಟೆಂಪೋ ಕಳುಹಿಸಿದ್ದರೆ ನೌಕರರ ಪರಿಹಾರದ ದಾರಿ ಬಲವಾಗಿದೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತವನ್ನೂ, ಹೊತ್ತು, ಜಾಗ, ಸಂದರ್ಭಗಳಿಗೆ ಕೆಲಸದ ನಂಟು ಇದ್ದರೆ, ಕೆಲಸದ ಅಪಘಾತವೆಂದೇ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ಅದು ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರನ ಪ್ರಕರಣ. ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಬೈಕಿನಲ್ಲಿ ಹೋಗುವಾಗ, ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ಆತ ಪ್ರಾಣ ಕಳೆದುಕೊಂಡಿದ್ದ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಂತೂ ಈ ಮಾತು ನೇರವಾಗಿ ಬರೆದೇ ಇದೆ.

ಯಾವ ದಾರಿ ಎಂಬುದನ್ನು ಆ ಇಬ್ಬರು ಬೇಗ ತೀರ್ಮಾನಿಸಲಿ. 2022ರ ಏಪ್ರಿಲ್‌ನಿಂದ ಮೋಟಾರು ಅಪಘಾತದ ಅರ್ಜಿಗೆ ಆರು ತಿಂಗಳ ಗಡುವು ಇದೆ. ಗಡುವು ಮೀರಿದ ಅರ್ಜಿಗಳನ್ನು ಆ ಕಾರಣಕ್ಕೆ ತಿರಸ್ಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಮಾಡಿದೆಯಾದರೂ ಅದನ್ನು ನೆಚ್ಚಿ ಕೂರುವುದು ಬೇಡ. ಟೆಂಪೋದ ನೋಂದಣಿ ಸಂಖ್ಯೆ, ಎಫ್‌ಐಆರ್ ಪ್ರತಿ, ಚಾಲಕನ ಪರವಾನಗಿ ಮತ್ತು ವಿಮೆಯ ವಿವರಗಳನ್ನು ಠಾಣೆಯಿಂದ ಈ ವಾರವೇ ಪಡೆದುಕೊಳ್ಳಲು ಹೇಳಿ.